ದೊಡ್ಡಾಯಿಯ ಫೋನಿಗೆ ಬಂದ ತಲೆಬುರುಡೆ: ತಲೆಮಾರು ಬದಲಾದಂತೆ ನಗು ಯಾಕೆ ಬದಲಾಗುತ್ತದೆ?

ಚೌತಿಗೆ ಇನ್ನು ಮೂರು ದಿನ ಇತ್ತು. ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಚಕ್ಕುಲಿ ಕಂಬಳ. ಕಂಬಳ ಅಂದ ಕೂಡಲೇ ಕೋಣಗಳ ಓಟ ಅಂದುಕೊಳ್ಳಬೇಡಿ. ಅಕ್ಕಪಕ್ಕದ ಮನೆಯವರೆಲ್ಲ ಸೇರಿ, ಸಾಲಾಗಿ ಕೂತು, ಹಿಟ್ಟನ್ನು ಕೈಯಲ್ಲೇ ಹೊಸೆದು ಚಕ್ಕುಲಿ ಸುತ್ತುವುದಕ್ಕೆ ನಮ್ಮ ಕಡೆ ಹಾಗೆ ಹೇಳುತ್ತಾರೆ. ಬೆಂಗಳೂರಿನಿಂದ ಬಂದ ಅಳಿಯ ತಾನೂ ಒಂದು ಸುತ್ತುತ್ತೇನೆ ಅಂತ ಕೂತ. ಸುತ್ತಿದ್ದು ಚಕ್ಕುಲಿಯ ಹಾಗೆ ಕಾಣಲಿಲ್ಲ, ಮಳೆಗೆ ಸಿಕ್ಕ ಎರೆಹುಳದ ಹಾಗೆ ಕಂಡಿತು. ಯಾರೋ ಅದರ ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದರು. ಒಂದೇ ನಿಮಿಷ. ಬೆಂಗಳೂರಿನ ಕಾಲೇಜಿನಲ್ಲಿರುವ ತಂಗಿಯ ಮಗಳಿಂದ ಉತ್ತರ ಬಂತು. ಮಾತಿಲ್ಲ, ಕತೆಯಿಲ್ಲ, ಬರೀ ಒಂದು ತಲೆಬುರುಡೆಯ ಚಿತ್ರ.

ಅದನ್ನು ನೋಡಿದ್ದೇ ತಡ, ದೊಡ್ಡಾಯಿಯ ಕೈಯಲ್ಲಿದ್ದ ಹಿಟ್ಟು ಕೆಳಗೆ ಬಿತ್ತು. "ಎಂತಾ ಆತೋ ತಮಾ? ಯಾರು ಹೋದ?"

ಅವರ ಗಾಬರಿಗೆ ಕಾರಣ ಇತ್ತು. ಹತ್ತಿರದ ಬಳಗದಲ್ಲಿ ಸಾವಾದರೆ ಹತ್ತು ದಿನ ಸೂತಕ. ಸೂತಕ ಬಂದರೆ ಚೌತಿಯ ಪೂಜೆ ಇಲ್ಲ, ಗಣಪತಿ ಇಲ್ಲ, ಇಷ್ಟು ಚಕ್ಕುಲಿಗೂ ಅರ್ಥ ಇಲ್ಲ. ಬಾಣಲೆ ಇಳಿಸಿ ಅಂದರು. ಫೋನ್ ಹಚ್ಚಿ ವಿಚಾರಿಸಿದಾಗ ಗೊತ್ತಾಯಿತು: ಈಗಿನ ಹುಡುಗರ ಲೆಕ್ಕದಲ್ಲಿ ತಲೆಬುರುಡೆ ಅಂದರೆ "ನಕ್ಕು ನಕ್ಕು ಸತ್ತೆ".

ಅದೇ ಹುಡುಗಿ ಹಬ್ಬಕ್ಕೆ ಊರಿಗೆ ಬಂದಾಗ ಇನ್ನೊಂದು ನಡೆಯಿತು. ಅಜ್ಜ ಒಂದು ಹಳೆಯ ಕತೆ ತೆಗೆದರು. ಅತ್ತೆ ಮನೆಯಲ್ಲಿ ಮೊದಲ ಸಲ ಚಕ್ಕುಲಿ ಬಾಯಿಗಿಟ್ಟ ಹೊಸ ಅಳಿಯ ಒಂದು ಮಾತೂ ಆಡಲಿಲ್ಲವಂತೆ. ಸುಮ್ನೆ ಎದ್ದು ಹೋಗಿ ಮೆಟ್ಟುಗತ್ತಿ ತಂದು ಕೂತನಂತೆ. ಐವತ್ತು ದಾಟಿದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ಹುಡುಗಿ ಎಲ್ಲರ ಮುಖ ನೋಡಿ ಕೇಳಿದಳು, "ಮೆಟ್ಟುಗತ್ತಿ ಅಂದ್ರೆ ಏನು?"

ಅಡಿಕೆ ಸುಲಿಯುವ ಕತ್ತಿ ಅಂತ ವಿವರಿಸಿದೆವು. ಅವಳಿಗೆ ಅರ್ಥವಾಯಿತು. ನಗು ಬರಲಿಲ್ಲ.

ಒಂದೇ ಮನೆ, ಒಂದೇ ಭಾಷೆ, ಮೂರು ತಲೆಮಾರು. ಒಬ್ಬರ ನಗು ಇನ್ನೊಬ್ಬರಿಗೆ ಗಾಬರಿ, ಮತ್ತೊಬ್ಬರಿಗೆ ನಿಘಂಟಿನ ಪದ. ಇದು ನಮ್ಮ ಮನೆಯೊಂದರ ಕತೆ ಅಲ್ಲ ಅಂತ ಗೊತ್ತು. ಮನೆಮನೆಯ ಗುಂಪಿನಲ್ಲೂ ಈಗ ಅಜ್ಜ, ಸೊಸೆ, ಮೊಮ್ಮಗಳು ಒಂದೇ ಪರದೆಯ ಮೇಲೆ ನಗಬೇಕಾಗಿದೆ. ಹಾಗಾಗಿ ಕೇಳಬೇಕಾದ್ದು: ನಗು ಯಾಕೆ ಬದಲಾಗುತ್ತದೆ? ಹೇಗೆ?

ನಗು ಬೇರೆ, ಹಾಸ್ಯಪ್ರಜ್ಞೆ ಬೇರೆ

ನಗು ಶರೀರದ ಕೆಲಸ. ಮಗು ಮಾತು ಕಲಿಯುವ ಮೊದಲೇ ನಗುತ್ತದೆ. ಕಿವಿ ಕೇಳದೆ, ಕಣ್ಣು ಕಾಣದೆ ಹುಟ್ಟಿದ ಮಗುವೂ ನಗುತ್ತದೆ. ಇದು ಅಜ್ಜನಿಗೂ ಮೊಮ್ಮಗಳಿಗೂ ಒಂದೇ.

ನಗೆಮಾತು ಅಂದರೆ ನಗಿಸಲೆಂದು ಕಟ್ಟಿದ್ದು. ಅದು ಮಾತಿರಬಹುದು, ವೇಷ, ಹಾಡು ಅಥವಾ ಚಿತ್ರವೂ ಇರಬಹುದು.

ಹಾಸ್ಯಪ್ರಜ್ಞೆ ಇವೆರಡಕ್ಕಿಂತ ಬೇರೆ. ಯಾವುದಕ್ಕೆ ನಗಬಹುದು, ಯಾರ ಮುಂದೆ ನಗಬಹುದು, ಎಷ್ಟು ಜೋರಾಗಿ, ಯಾವಾಗ ನಗು ತಡೆದುಕೊಳ್ಳಬೇಕು ಅನ್ನುವ ಲೆಕ್ಕ ಅದು. ಯಾರೂ ಬರೆದಿಟ್ಟಿಲ್ಲ, ಎಲ್ಲರಿಗೂ ಗೊತ್ತಿರುತ್ತದೆ. ಊಟದ ಹೋಲಿಕೆ ತೆಗೆದುಕೊಳ್ಳಿ. ನಗು ಹಸಿವಿನ ಹಾಗೆ, ನಗೆಮಾತು ಅಡುಗೆಯ ಹಾಗೆ, ಹಾಸ್ಯಪ್ರಜ್ಞೆ ನಾಲಿಗೆಯ ರುಚಿಯ ಹಾಗೆ. ಮಾವಿನಕಾಯಿಯ ಅಪ್ಪೆಹುಳಿ ಕುಡಿದು ಬೆಳೆದವನಿಗೆ ಅದು ಅಮೃತ. ಮೊದಲ ಸಲ ಕುಡಿದವನು ಮುಖ ಕಿವುಚುತ್ತಾನೆ. ಇಬ್ಬರ ಹಸಿವೂ ಒಂದೇ.

ಇನ್ನೊಂದು ವಿಷಯ ಮೊದಲೇ ತಿಳಿದಿದ್ದರೆ ಮುಂದಿನದು ಸುಲಭ. ಅಮೆರಿಕದ ರಾಬರ್ಟ್ ಪ್ರೊವೈನ್ ಅನ್ನುವ ಮನಶ್ಶಾಸ್ತ್ರಜ್ಞರು ಜನ ದಿನನಿತ್ಯ ಯಾವಾಗ ನಗುತ್ತಾರೆ ಅಂತ ಗಮನಿಸಿದರು. ಒಬ್ಬರೇ ಇದ್ದಾಗಿಗಿಂತ ನಾಲ್ಕು ಜನರ ನಡುವೆ ಇದ್ದಾಗ ನಗುವುದು ಸುಮಾರು 30 ಪಟ್ಟು ಜಾಸ್ತಿ ಅಂತ ಅವರಿಗೆ ಕಂಡಿತು. ನಗುವಿಗಿಂತ ಮೊದಲು ಆಡಿದ ಮಾತುಗಳಲ್ಲಿ ಜೋಕಿನಂಥವು ಹೆಚ್ಚೆಂದರೆ ಐದರಲ್ಲಿ ಒಂದು. ಉಳಿದದ್ದು "ಬಂದ್ಯಾ?", "ನೋಡಾ ಇವ್ನ" ಇಂಥವೇ. ಅಂದರೆ ನಗು ಹುಟ್ಟುವುದು ಮಾತಿನಿಂದ ಅನ್ನುವುದಕ್ಕಿಂತ ಕೂತವರ ನಡುವಿನಿಂದ.

ನಮ್ಮಲ್ಲಿ ಇದರ ವಿಚಾರ ಹೊಸದೇನಲ್ಲ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ರಸಗಳಲ್ಲಿ ಒಂದಾಗಿ ಎಣಿಸಿ, ನಗುವನ್ನು ಆರು ಬಗೆ ಮಾಡುತ್ತದೆ. ಹಲ್ಲು ಕಾಣದ ಮುಗುಳ್ನಗೆ ಉತ್ತಮರದ್ದು. ಕಣ್ಣಲ್ಲಿ ನೀರು ಬಂದು ಪಕ್ಕೆ ಹಿಡಿದುಕೊಂಡು ನಗುವುದು ಅಧಮರದ್ದು. ಈ ಲೆಕ್ಕದಲ್ಲಿ ನಮ್ಮ ಚಕ್ಕುಲಿ ಕಂಬಳದಲ್ಲಿ ಒಬ್ಬ ಉತ್ತಮನೂ ಸಿಗಲಿಕ್ಕಿಲ್ಲ. ತಮಾಷೆ ಇರಲಿ, ಯಾರು ಎಷ್ಟು ನಗಬೇಕು ಅನ್ನುವುದಕ್ಕೂ ಸಮಾಜದ ಮೆಟ್ಟಿಲಿಗೂ ನಂಟಿದೆ ಅನ್ನುವುದು ಆಗಲೇ ಗೊತ್ತಿತ್ತು. ಆ ಮೆಟ್ಟಿಲು ಅಲುಗಿದಾಗ ನಗೂ ಅಲುಗುತ್ತದೆ.

ಹೇಳದೇ ಬಿಟ್ಟ ಅರ್ಧ

ಯಾವುದೇ ನಗೆಮಾತಿನಲ್ಲಿ ಎರಡು ಭಾಗ ಇರುತ್ತವೆ. ಒಂದು ಬಾಯಲ್ಲಿ ಹೇಳುವುದು. ಇನ್ನೊಂದು, ಕೇಳುವವನ ತಲೆಯಲ್ಲಿ ಮೊದಲೇ ಇರುವುದು. ಎರಡೂ ಕೂಡಿದಾಗ ಟಕ್ ಅಂತ ಕಿಡಿ ಹಾರುತ್ತದೆ. ಅಜ್ಜನ ಕತೆಯಲ್ಲಿ ಬಾಯಲ್ಲಿ ಹೇಳಿದ್ದು "ಅಳಿಯ ಮೆಟ್ಟುಗತ್ತಿ ತಂದ" ಅಂತ ಅಷ್ಟೇ. ಉಳಿದದ್ದೆಲ್ಲ ಕೇಳುವವರ ಹತ್ತಿರ ಇತ್ತು. ಕಾಲಡಿ ಮಣೆ ಮೆಟ್ಟಿ ಕೂರುವ ಆ ಕತ್ತಿಯ ಆಕಾರ, ಹಸಿ ಅಡಿಕೆಯ ಸಿಪ್ಪೆಯ ಬಿಗಿ, ಅತ್ತೆಯ ಅಡುಗೆಗೆ ಬಾಯಿಬಿಟ್ಟು ಹೆಸರಿಡಬಾರದು ಅನ್ನುವ ಅಳಿಯನ ಕಷ್ಟ. ಇದನ್ನೆಲ್ಲ ವಿವರಿಸಲು ಹೊರಟರೆ ಪಾಠ ಆಗುತ್ತದೆ, ನಗು ಆಗುವುದಿಲ್ಲ. ಕಿಡಿ ಹಾರಬೇಕಾದ್ದು ಕೇಳುವವನ ತಲೆಯಲ್ಲಿ. ನಾವು ಹೊರಗೆ ಕಡ್ಡಿ ಗೀರಿ ಕೊಟ್ಟರೆ ಪ್ರಯೋಜನ ಇಲ್ಲ.

ಕಾರವಾರದ ಕಡೆಗೆ ಹೋಗೋಣ. ಅಲ್ಲಿ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದ ಕನ್ನಡ ಮಾಸ್ತರರೊಬ್ಬರು ಬಾಡಿಗೆ ಮನೆ ಹುಡುಕುತ್ತ ಬಾಗಿಲು ತಟ್ಟಿದರು ಅಂದುಕೊಳ್ಳಿ. ಒಳಗಿನಿಂದ ಅಜ್ಜಿಯ ದನಿ: "ಕೋಣ್?" ಮಾಸ್ತರರಿಗೆ ಸಿಟ್ಟು ಬಂತು. "ಕೋಣ ಅಲ್ಲಮ್ಮ, ಮಾಸ್ತರ!" ಕೊಂಕಣಿಯಲ್ಲಿ ಕೋಣ್ ಅಂದರೆ ಯಾರು. ಎರಡೂ ಭಾಷೆ ಕಿವಿಯಲ್ಲಿ ಇದ್ದವನಿಗೆ ಮಾತ್ರ ಇದು ತಾನಾಗಿ ನಗು ತರಿಸುತ್ತದೆ. ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಆಡಳಿತದ ಕೆಳಗಿತ್ತು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಹಾಗಾಗಿ ಹಳೆಯ ಕಾರವಾರದಲ್ಲಿ ಓದಿದವರ ಕಿವಿಗೆ ಮರಾಠಿಯೂ ಪರಿಚಯ. ಅವರು ಮೂರು ಭಾಷೆ ಸೇರಿಸಿ ಮಾಡುತ್ತಿದ್ದ ಪದದಾಟ ಅವರ ಮೊಮ್ಮಕ್ಕಳಿಗೆ ದಾಟುವುದು ಕಷ್ಟ. ಮೊಮ್ಮಕ್ಕಳು ಇಂಗ್ಲಿಷ್, ಹಿಂದಿ, ಕನ್ನಡ ಸೇರಿಸಿ ಆಡುತ್ತಾರೆ. ಆಟ ಅದೇ, ಕಾಯಿಗಳು ಬೇರೆ.

ಕೇಳುವವನ ಅರ್ಧ ಪೂರ್ತಿ ಕಳೆದುಹೋದರೆ ಏನಾಗುತ್ತದೆ? ಈಗಿನ ಇರಾಕ್ ಕಡೆ ಸುಮಾರು 4,000 ವರ್ಷ ಹಿಂದೆ ಇದ್ದ ಸುಮೇರಿಯನ್ನರ ಮಣ್ಣಿನ ಹಲಗೆಗಳಲ್ಲಿ ಒಂದು ಮಾತು ಸಿಕ್ಕಿದೆ. ನಾಯಿಯೊಂದು ಹೆಂಡದಂಗಡಿಗೆ ಹೋಯಿತು, ಏನೂ ಕಾಣಲಿಲ್ಲ, "ಇದನ್ನು ತೆಗೆಯಲಾ?" ಅಂತು. ಅಷ್ಟೇ. ಓದಿದ ಪಂಡಿತರಿಗೆ ಇದು ನಗೆಮಾತು ಇರಬೇಕು ಅನ್ನಿಸುತ್ತದೆ. ಯಾಕೆ ನಗಬೇಕು ಅಂತ ಯಾರಿಗೂ ಖಚಿತವಿಲ್ಲ. ಮೆಟ್ಟುಗತ್ತಿಯ ಕತೆಗೂ ಒಂದು ದಿನ ಇದೇ ಗತಿ.

ಅಡಿಕೆ ಮರದ ಲೆಕ್ಕ

ತಲೆಮಾರು ಅನ್ನುವ ಶಬ್ದವನ್ನು ನಾವು ಸಡಿಲವಾಗಿ ಬಳಸುತ್ತೇವೆ. "ಈಗಿನ ಹುಡುಗರೇ ಹಾಗೆ" ಅಂದಾಗ ಮೂರು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ಹಾಕುತ್ತೇವೆ. ಇದನ್ನು ಬಿಡಿಸಲು ನಮ್ಮ ಕಡೆಯವರಿಗೆ ಅಡಿಕೆ ತೋಟಕ್ಕಿಂತ ಒಳ್ಳೆಯ ಹೋಲಿಕೆ ಇಲ್ಲ.

ಒಂದು ಮರದ ಫಸಲು ಈ ವರ್ಷ ಕಡಿಮೆ ಬಂತು. ಯಾಕೆ? ಮರ ಮುದಿಯಾಗಿರಬಹುದು. ಅದು ವಯಸ್ಸಿನ ಪರಿಣಾಮ. ಆ ತಳಿಯೇ ಅಷ್ಟು ಇರಬಹುದು, ಅದರ ಜೊತೆ ನೆಟ್ಟ ಸಾಲಿಗೆಲ್ಲ ಅದೇ ಗುಣ. ಅದು ತಲೆಮಾರಿನ ಪರಿಣಾಮ. ಇಲ್ಲವೇ ಆ ವರ್ಷ ಮಳೆ ಹಿಡಿದು ಕೊಳೆರೋಗ ಬಂದು ಎಳೆ ಮರ, ಮುದಿ ಮರ ಅನ್ನದೆ ಎಲ್ಲವೂ ಉದುರಿರಬಹುದು. ಅದು ಕಾಲದ ಪರಿಣಾಮ.

ಹಾಸ್ಯದಲ್ಲೂ ಹಾಗೇ. ಆರೇಳು ವರ್ಷದ ಮಗುವಿಗೆ ಒಂದು ಶಬ್ದಕ್ಕೆ ಎರಡು ಅರ್ಥ ಇದೆ ಅನ್ನುವುದು ಆಗಷ್ಟೇ ಹೊಳೆದಿರುತ್ತದೆ. ಅದಕ್ಕೇ ಒಗಟು ಹೇಳಿ ಹೇಳಿ ಮನೆಯವರ ತಲೆ ತಿನ್ನುತ್ತದೆ. ಅಜ್ಜನೂ ಆ ವಯಸ್ಸಲ್ಲಿ ಹಾಗೇ ಮಾಡಿದ್ದ. ಇದು ವಯಸ್ಸು. ಮೆಟ್ಟುಗತ್ತಿ ಹಿಡಿದು ಬೆಳೆದವರೆಲ್ಲ ಒಂದು ಕತೆಗೆ ನಗುವುದು ತಲೆಮಾರು. ಸ್ವಿಚ್ ಹಾಕಿದ ಹಾಗೆ ಎಲ್ಲ ವಯಸ್ಸಿನವರೂ ಒಂದೇ ವರ್ಷ ಒಂದು ಬಗೆಯ ಜೋಕು ಹೇಳತೊಡಗಿದರೆ ಅದು ಕಾಲ. ಕೊರೋನಾದ ಲಾಕ್‌ಡೌನ್ ದಿನಗಳ ಜೋಕುಗಳು ನೆನಪಿವೆಯಲ್ವಾ?

ಜರ್ಮನಿಯ ಕಾರ್ಲ್ ಮ್ಯಾನ್‌ಹೈಮ್ ಅನ್ನುವ ಸಮಾಜಶಾಸ್ತ್ರಜ್ಞ 1928ರಲ್ಲೇ ತಲೆಮಾರಿನ ಬಗ್ಗೆ ಒಂದು ಮುಖ್ಯ ಮಾತು ಬರೆದಿದ್ದರು. ಹುಟ್ಟಿದ ಇಸವಿ ಒಂದೇ ಆದರೆ ಸಾಲದು, ಎಳೆ ಹರೆಯದಲ್ಲಿ ಒಂದೇ ಬಗೆಯ ಅನುಭವ ಹಾದು ಬಂದಿರಬೇಕು ಅಂತ. ಇದರ ಪ್ರಕಾರ 2004ರಲ್ಲಿ ಹುಟ್ಟಿದ ಹೊನ್ನಾವರದ ಮೀನುಗಾರರ ಮನೆಯ ಹುಡುಗ ಮತ್ತು ಅದೇ ವರ್ಷ ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಹುಟ್ಟಿದವನು ಒಂದೇ ತಲೆಮಾರು ಅಂತ ಹೇಳಲು ಬರುತ್ತಿರಲಿಲ್ಲ. ಈಗ ಸ್ವಲ್ಪ ಹೇಳಬಹುದು, ಇಬ್ಬರ ಕೈಯಲ್ಲೂ ಅದೇ ಫೋನ್ ಇದೆ.

1990ರಲ್ಲಿ ಪ್ರಕಟವಾದ ಒಂದು ಜರ್ಮನ್ ಅಧ್ಯಯನದಲ್ಲಿ 14ರಿಂದ 66 ವರ್ಷದವರೆಗಿನ 4,000ಕ್ಕೂ ಹೆಚ್ಚು ಜನರಿಗೆ ಎರಡು ಬಗೆಯ ಜೋಕು ತೋರಿಸಿದರು. ಒಂದು ಬಗೆಯಲ್ಲಿ ಕೊನೆಗೆ ಗಂಟು ಬಿಚ್ಚುತ್ತದೆ, "ಓ ಹಾಗಾ" ಅನ್ನಿಸುತ್ತದೆ. ಇನ್ನೊಂದರಲ್ಲಿ ಗಂಟು ಬಿಚ್ಚುವುದೇ ಇಲ್ಲ, ಅಸಂಬದ್ಧವೇ ಮಜಾ. ವಯಸ್ಸು ಹೆಚ್ಚಾದಂತೆ ಮೊದಲನೆಯದರ ಮೆಚ್ಚುಗೆ ಏರುತ್ತ ಹೋಯಿತು, ಎರಡನೆಯದರದ್ದು ಇಳಿಯಿತು. ಆದರೆ ಬೇರೆ ಬೇರೆ ವಯಸ್ಸಿನವರನ್ನು ಒಂದೇ ಕಾಲದಲ್ಲಿ ನೋಡಿದರೆ ಇದು ಮುದಿತನದ್ದಾ, ತಳಿಯದ್ದಾ ಅಂತ ಬೇರೆ ಮಾಡಲು ಬರುವುದಿಲ್ಲ. ತೋಟವನ್ನು ಒಂದೇ ದಿನ ನೋಡಿ ಬಂದವನ ಹಾಗೆ.

ಸುಲಿಯುವ ರಾತ್ರಿಗಳು

ಈಗ ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವ ಕಾರಣಕ್ಕೆ ಬರುತ್ತೇನೆ. ನಗೆಮಾತಿಗೆ ಒಂದು ಜಾಗ ಬೇಕು, ಒಂದು ಹೊತ್ತು ಬೇಕು.

ಶಿರಸಿ, ಸಿದ್ದಾಪುರ ಕಡೆ ಕೆಂಪಡಿಕೆ ಮಾಡುತ್ತಾರೆ. ಹಸಿ ಇರುವಾಗಲೇ ಸುಲಿದು ಬೇಯಿಸಬೇಕು. ಕೊಯ್ದ ಗೊನೆಯನ್ನು ಬಹಳ ದಿನ ಹಾಗೇ ಇಡುವಂತಿಲ್ಲ. ಹಾಗಾಗಿ ಕೊಯ್ಲಿನ ಕಾಲದಲ್ಲಿ ರಾತ್ರಿ ಬಹಳ ಹೊತ್ತಿನವರೆಗೂ ಸುಲಿಯುವುದೇ. ಕೈ ಕತ್ತಿಯ ಮೇಲೆ, ಕಣ್ಣು ಅಡಿಕೆಯ ಮೇಲೆ. ಬಾಯಿ, ಕಿವಿ ಮಾತ್ರ ಖಾಲಿ. ಹತ್ತಿಪ್ಪತ್ತು ಜನ ಸುತ್ತ ಕೂತಿದ್ದಾರೆ, ಗಂಡಸರು, ಹೆಂಗಸರು, ಮಕ್ಕಳು, ಮನೆಯವರು, ಕೆಲಸಕ್ಕೆ ಬಂದವರು. ನಿದ್ದೆ ಬಂದರೆ ಬೆರಳು ಹೋಗುತ್ತದೆ. ಎಚ್ಚರ ಇರಿಸಲು ಕತೆ ಬೇಕು, ನಗು ಬೇಕು.

ಇಂಥ ಜಾಗದಲ್ಲಿ ಹುಟ್ಟುವ ಹಾಸ್ಯ ಹೇಗಿರುತ್ತದೆ? ಉದ್ದ ಇರುತ್ತದೆ. ಅವಸರ ಇಲ್ಲ, ಅರ್ಧ ಗಂಟೆ ಎಳೆಯಬಹುದು. ಅದರಲ್ಲಿ ಬರುವ ಜನ ಎಲ್ಲರಿಗೂ ಗೊತ್ತಿರುವವರು. ಇಂಥವರ ಮನೆಯ ಭಾವ, ಇಂಥ ಕೇರಿಯ ಜಿಪುಣ. ನಗಿಸುವುದು ಕೊನೆಯ ಸಾಲು ಅಲ್ಲ, ಹೇಳುವ ಧಾಟಿ. ಅದೇ ಕತೆ ಹತ್ತನೇ ಸಲ ಹೇಳಿದರೂ ನಗುತ್ತಾರೆ. ಮಕ್ಕಳು ಕೂತಿದ್ದಾರೆ ಅಂದಾಗ ಪೋಲಿ ಮಾತಿಗೆ ಒಗಟಿನ ಬಟ್ಟೆ ತೊಡಿಸಬೇಕು. ದೊಡ್ಡವರು ನಗುತ್ತಾರೆ, ಮಕ್ಕಳು ಯಾಕೆ ಅಂತ ಕೇಳುತ್ತಾರೆ, ಅದಕ್ಕೆ ದೊಡ್ಡವರು ಇನ್ನಷ್ಟು ನಗುತ್ತಾರೆ. ನನ್ನ ಬಾಲ್ಯದ ಅರ್ಧ ಜ್ಞಾನ ಆ ಒಗಟುಗಳಿಂದಲೇ ಬಂದದ್ದು. ಅರ್ಥವಾಗಿದ್ದು ಮಾತ್ರ ಮದುವೆಯಾದ ಮೇಲೆ.

ಕರಾವಳಿಯಲ್ಲಿ ಇದರ ಜೋಡಿ ರಂಪಣಿ ಬಲೆ. ಕಡಲಲ್ಲಿ ಬಿಟ್ಟ ಉದ್ದದ ಬಲೆಯನ್ನು ದಡದಲ್ಲಿ ನಿಂತು ಊರಿಗೆ ಊರೇ ಎಳೆಯಬೇಕು. ಎಳೆಯುವಾಗ ಹಾಡು, ಕೀಟಲೆ, ಬೈಗುಳ ಎಲ್ಲವೂ ಹಗ್ಗದ ಜೊತೆಗೇ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು, ಅಂದರೆ ಕಡಲಲ್ಲೇ ಬಲೆ ಸುತ್ತಿ ಮೀನು ಹಿಡಿಯುವ ಯಂತ್ರದ ದೋಣಿಗಳು ಬಂದವು. ರಂಪಣಿ ಕಡಿಮೆಯಾಯಿತು. ಘಟ್ಟದ ಮೇಲೆ ಆಮೇಲೆ ಅಡಿಕೆ ಸುಲಿಯುವ ಯಂತ್ರ ಬಂತು. ಯಂತ್ರದ ಸದ್ದಿನಲ್ಲಿ ಕತೆ ಕೇಳುವುದಿಲ್ಲ, ಕತೆ ಬೇಕಾಗುವುದೂ ಇಲ್ಲ. ಬೆರಳು ಉಳಿಯಿತು, ಬೆನ್ನು ಉಳಿಯಿತು. ಸುಲಿದವರನ್ನು ಕೇಳಿದರೆ ಯಾರೂ ಆ ರಾತ್ರಿಗಳು ವಾಪಸ್ ಬರಲಿ ಅನ್ನುವುದಿಲ್ಲ. ಆದರೆ ಮೂರು ತಲೆಮಾರು ಒಂದೇ ಸುತ್ತಿನಲ್ಲಿ ಕೂರಲು ಇದ್ದ ಒಂದು ಕಾರಣ ಹೋಯಿತು. ಕತೆ ಹೇಳುವವರು ಇದ್ದರು, ಕೂರುವವರು ಇರಲಿಲ್ಲ.

ಆಮೇಲಿನದು ನಿಮಗೆ ಗೊತ್ತಿರುವುದೇ. ಟಿವಿ ಬಂತು, ಎಲ್ಲರೂ ಗೋಡೆಯ ಕಡೆ ಮುಖ ಮಾಡಿ ಕೂತರು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿ ಮುಂಬೈ, ಮಂಗಳೂರು ಹತ್ತಿರವಾದವು. ಓದಿದ ಮಕ್ಕಳು ಬೆಂಗಳೂರು ಸೇರಿದರು. 2016ರಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಪ್ರತಿಯೊಬ್ಬರೂ ತಮ್ಮ ತಮ್ಮ ಅಂಗೈ ನೋಡಿಕೊಂಡು ನಗತೊಡಗಿದರು.

ಹಾಸ್ಯಗಾರ ಯಾರ ಭಾಷೆ ಆಡುತ್ತಾನೆ?

ಬದಲಾವಣೆಯನ್ನು ಕಣ್ಣಾರೆ ನೋಡಬೇಕಾದರೆ ಯಕ್ಷಗಾನದ ಹಾಸ್ಯಗಾರನನ್ನು ನೋಡಿ. ಹೊನ್ನಾವರದ ಕರ್ಕಿಯಲ್ಲಿ ಒಂದು ಕಲಾವಿದರ ಮನೆತನಕ್ಕೆ ಹಾಸ್ಯಗಾರ ಅನ್ನುವುದೇ ಹೆಸರು. ಅದೇ ತಾಲೂಕಿನಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದರು. ಬಡಗುತಿಟ್ಟು ಅನ್ನುವ ಯಕ್ಷಗಾನ ಶೈಲಿಯ ಗಟ್ಟಿ ನೆಲ ಇದು.

ರಂಗದ ಮೇಲೆ ರಾಜ, ರಾಕ್ಷಸ, ದೇವತೆ ಎಲ್ಲರೂ ಗ್ರಾಂಥಿಕ ಕನ್ನಡ ಆಡುತ್ತಾರೆ. ಕೌರವನ ಬಾಯಲ್ಲಿ ಒಂದು ಇಂಗ್ಲಿಷ್ ಶಬ್ದ ಬಂದರೆ ಮರುದಿನ ಊರೆಲ್ಲ ಅದೇ ಮಾತು. ಹಾಸ್ಯಗಾರನಿಗೆ ಮಾತ್ರ ರಿಯಾಯಿತಿ. ದೂತ, ಬಾಗಿಲು ಕಾಯುವವ, ಮುದುಕ ಬ್ರಾಹ್ಮಣ, ಚಂದಗೋಪ, ಹೀಗೆ ಯಾವ ವೇಷ ಕಟ್ಟಿದರೂ ಅವನದು ಊರಿನ ಮಾತು. ಒಂದು ಕಡೆ "ಎಲೈ ದೂತನೇ" ಅನ್ನುವ ಭಾಷೆ, ಎದುರಿಗೆ ನಮ್ಮ ಹಿತ್ತಲಿನ ಭಾಷೆ. ಕೂಡಬಾರದ ಎರಡು ವಸ್ತು ಕೂಡಿದಾಗ ನಗು ಬರುತ್ತದೆ ಅನ್ನುವುದನ್ನು ಪಂಡಿತರು ಅಸಂಗತಿಯ ವಿವರಣೆ ಅನ್ನುತ್ತಾರೆ. ನಮ್ಮ ಹಾಸ್ಯಗಾರರು ಹೆಸರಿಡದೆ ಅದನ್ನೇ ಮಾಡಿಕೊಂಡು ಬಂದಿದ್ದಾರೆ.

ಹಿಂದೆ ಆಟ ರಾತ್ರಿಯಿಡೀ. ನೋಡುವವರಿಗೆ ಪ್ರಸಂಗ, ಅಂದರೆ ಆಡುವ ಕತೆ, ಬಾಯಿಪಾಠ. ಹಾಗಾಗಿ ಹಾಸ್ಯಗಾರ ಕತೆಯೊಳಗೇ ಒಂದು ಎಳೆ ತಿರುಚಿದರೂ ಸಾಕು, ಕೂತವರಿಗೆ ಗೊತ್ತಾಗುತ್ತಿತ್ತು. ನಿದ್ದೆ ತೂಗುವ ಹೊತ್ತಿಗೆ ಅವನು ಬಂದರೆ ಚಾಪೆಯಲ್ಲಿ ಮಲಗಿದ್ದವರೂ ಎದ್ದು ಕೂರುತ್ತಿದ್ದರು. ಈಗ ಕಾಲಮಿತಿಯ ಆಟ, ಮೂರು ತಾಸಿನ ಆಸುಪಾಸು. ಹಾಸ್ಯಗಾರನ ಪಾಲಿಗೆ ಸಿಗುವ ಹೊತ್ತು ಕಡಿಮೆ. ಕೂತ ಹುಡುಗರಲ್ಲಿ ಎಷ್ಟೋ ಜನರಿಗೆ ಪ್ರಸಂಗ ಹೊಸದು. ತಿರುಚಿದ್ದು ಗೊತ್ತಾಗಲು ಮೂಲ ಗೊತ್ತಿರಬೇಕಲ್ವಾ? ಹಾಗಾಗಿ ಅವನು ಎಲ್ಲರಿಗೂ ಗೊತ್ತಿರುವ ಇನ್ನೊಂದು ಕಡೆಗೆ ಕೈ ಹಾಕುತ್ತಾನೆ. ಮೊಬೈಲು, ಚುನಾವಣೆ, ಸಿನಿಮಾದ ಡೈಲಾಗು. ಚಪ್ಪಾಳೆ ಬೀಳುತ್ತದೆ. ಹಿರಿಯರು "ಆಟ ಕೆಟ್ಟಿತು" ಅನ್ನುತ್ತಾರೆ. ಎರಡೂ ಕಡೆಯವರ ಮಾತಿನಲ್ಲಿ ಹುರುಳಿದೆ ಅಂತ ನನ್ನ ಅನಿಸಿಕೆ. ಆದರೆ ಹಾಸ್ಯಗಾರ ಹಳೆಯ ಕೆಲಸವನ್ನೇ ಮಾಡುತ್ತಿದ್ದಾನೆ. ಕೂತವರ ಹತ್ತಿರ ಯಾವ ಅರ್ಧ ಇದೆ ಅಂತ ಹುಡುಕುತ್ತಿದ್ದಾನೆ.

ಯಾರನ್ನು ಕಂಡು ನಗುವುದು?

ಮನೆಯ ಗುಂಪುಗಳಲ್ಲಿ ಜಗಳ ಆಗುವುದು ತಲೆಬುರುಡೆಯಿಂದ ಅಲ್ಲ. ಗುರಿಯಿಂದ.

ನಾಟ್ಯಶಾಸ್ತ್ರ ನಗುವಿಗೆ ಕಾರಣಗಳನ್ನು ಪಟ್ಟಿ ಮಾಡುವಾಗ ವಿಕಾರ ವೇಷ, ಅಸಂಬದ್ಧ ಮಾತಿನ ಜೊತೆ ಅಂಗದ ಊನವನ್ನು ನೋಡುವುದನ್ನೂ ಸೇರಿಸುತ್ತದೆ. ತೊದಲು, ಕಿವುಡು, ಕುಂಟು ಬಹಳ ಕಾಲ ಸಲೀಸಾದ ಹಾಸ್ಯ ಆಗಿದ್ದವು. ಇಂದು ಅದೇ ಅಣಕ ಮಾಡಿದರೆ ಹುಡುಗರು ಮುಖ ತಿರುಗಿಸುತ್ತಾರೆ. "ಇವರಿಗೆ ನಗಲಿಕ್ಕೇ ಬರುವುದಿಲ್ಲ" ಅಂತ ಹಿರಿಯರ ದೂರು.

ಪೀಟರ್ ಮೆಕ್‌ಗ್ರಾ ಮತ್ತು ಕೇಲಬ್ ವಾರನ್ ಅನ್ನುವ ಅಮೆರಿಕದ ಇಬ್ಬರು ಸಂಶೋಧಕರು 2010ರಲ್ಲಿ ಕೊಟ್ಟ ವಿವರಣೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಏನೋ ಒಂದು ಕಟ್ಟುಪಾಡು ಮುರಿದಿರಬೇಕು, ಆದರೆ ಅದರಿಂದ ಹಾನಿ ಇಲ್ಲ ಅಂತಲೂ ಅನ್ನಿಸಬೇಕು. ಎರಡೂ ಒಟ್ಟಿಗೆ ಆದಾಗ ನಗು. ಕಚಗುಳಿಯನ್ನೇ ನೋಡಿ. ಅಕ್ಕ ಇಟ್ಟರೆ ನಗು ಬರುತ್ತದೆ, ಬಸ್ಸಿನಲ್ಲಿ ಅಪರಿಚಿತ ಇಟ್ಟರೆ ಕಪಾಳಕ್ಕೆ ಬೀಳುತ್ತದೆ. ತನಗೆ ತಾನೇ ಇಟ್ಟುಕೊಂಡರೆ ಏನೂ ಆಗುವುದಿಲ್ಲ.

"ಹಾನಿ ಇಲ್ಲ" ಅಂತ ತೀರ್ಮಾನಿಸುವವರು ಯಾರು ಅನ್ನುವುದೇ ಬದಲಾದದ್ದು. ಸೊಸೆಯ ಅಡುಗೆಯ ಬಗ್ಗೆ ಜಗುಲಿಯಲ್ಲಿ ಹೇಳುತ್ತಿದ್ದ ಜೋಕು ಜಗುಲಿಯಲ್ಲಿ ಕೂತವರಿಗೆ ನಿರಪಾಯ. ಸೊಸೆ ಒಳಗಿದ್ದಳು. ಈಗ ಅವಳೂ ಅದೇ ಗುಂಪಿನಲ್ಲಿದ್ದಾಳೆ, ಎರಡು ನೀಲಿ ಗೆರೆ ಬೀಳುತ್ತವೆ. ಹಾಗಂತ ಹಳೆಯ ಕಾಲದ ಸೊಸೆ ಸುಮ್ಮನಿದ್ದಳು ಅಂತಲ್ಲ. ಮದುವೆ ಮನೆಯಲ್ಲಿ ಬೀಗರನ್ನು ಜರೆಯುವ ಹೆಂಗಸರ ಹಾಡುಗಳಿದ್ದವು. ಗಂಡಿನ ಕಡೆಯವರ ಹೊಟ್ಟೆ, ಜಿಪುಣತನ ಒಂದನ್ನೂ ಬಿಡುತ್ತಿರಲಿಲ್ಲ. ಭಾವ ಮೈದುನರ ನಡುವೆ ಕೀಟಲೆ ಮಾಡಲೇಬೇಕು, ಅಳಿಯ ಮಾವನ ನಡುವೆ ಮಾಡಲೇಬಾರದು. ಇಂಥ ಸಂಬಂಧಗಳಿಗೆ ಮಾನವಶಾಸ್ತ್ರದಲ್ಲಿ ಪರಿಹಾಸದ ನಂಟು ಅಂತ ಹೆಸರಿದೆ. ಪ್ರಪಂಚದ ಎಷ್ಟೋ ಸಮಾಜಗಳಲ್ಲಿ ಇದು ಉಂಟು. ಯಾರು ಯಾರನ್ನು ಆಡಿಕೊಳ್ಳಬಹುದು ಅನ್ನುವುದಕ್ಕೆ ಮೊದಲೇ ಪರವಾನಗಿ ಕೊಟ್ಟುಬಿಟ್ಟರೆ ಜಗಳ ಕಡಿಮೆ.

ಕೆಲವು ದಿನಗಳಿಗೂ ಪರವಾನಗಿ ಇತ್ತು. ಅಂಕೋಲಾ ಕಡೆ ಸುಗ್ಗಿ, ಹೋಳಿಯ ಹೊತ್ತಿಗೆ ಹಗರಣ ಕಟ್ಟುತ್ತಾರೆ. ಊರಿನ, ಸರ್ಕಾರದ, ದೊಡ್ಡವರ ಹುಳುಕನ್ನೆಲ್ಲ ವೇಷ ಹಾಕಿ ಬೀದಿಯಲ್ಲಿ ಆಡಿ ತೋರಿಸುವುದು. ಆ ದಿನ ಸಿಟ್ಟು ಮಾಡಿಕೊಳ್ಳುವಂತಿಲ್ಲ. ಹಗರಣ ಅನ್ನುವ ಶಬ್ದದ ದಾರಿಯೂ ನೋಡಿ. ಮೊದಲು ಅದಕ್ಕೆ ವೇಷದ ಆಟ ಅನ್ನುವ ಅರ್ಥ. ಈಗ ಪತ್ರಿಕೆ ಓದುವವರಿಗೆ ಹಗರಣ ಅಂದರೆ ಕೋಟಿಗಟ್ಟಲೆ ಲೂಟಿ. ಅಣಕದ ಹೆಸರು ಅಣಕಕ್ಕೆ ಸಿಕ್ಕಬೇಕಾದವರ ಕೆಲಸಕ್ಕೇ ಅಂಟಿಕೊಂಡಿತು.

ಗುರಿ ತಿರುಗಿದ್ದಕ್ಕೆ ನಮ್ಮ ಕಡೆಯ ಇನ್ನೊಂದು ಉದಾಹರಣೆ ಹೇಳದೇ ಇರಲಾರೆ. ಹಿಂದೆ ಮದುವೆಯ ಜೋಕುಗಳಲ್ಲಿ ಪೇಚಿಗೆ ಸಿಕ್ಕುವವನು ಹೆಣ್ಣಿನ ಅಪ್ಪ. ವರ ಹುಡುಕಿ ಚಪ್ಪಲಿ ಸವೆಸುತ್ತಿದ್ದ. ಈಗ ಶಿರಸಿ, ಯಲ್ಲಾಪುರ, ಸಿದ್ದಾಪುರದ ಊರುಗಳಲ್ಲಿ ತೋಟ ನೋಡಿಕೊಂಡು ಮನೆಯಲ್ಲಿರುವ ಮಾಣಿಗೆ, ಅಂದರೆ ಹುಡುಗನಿಗೆ, ಹೆಣ್ಣು ಸಿಗುವುದು ಕಷ್ಟ. ಜೋಕುಗಳೆಲ್ಲ ಅವನ ಮೇಲೆ ಬಂದವು. "ಎಷ್ಟು ಎಕರೆ" ಅಂತ ಕೇಳುತ್ತಿದ್ದವರು "ಯಾವ ಕಂಪನಿ" ಅನ್ನುತ್ತಾರೆ. ಹೇಳುವವರಿಗೆ ಸುಲಭದ ನಗು. ನಲವತ್ತು ಸಮೀಪಿಸಿದ ಮಾಣಿ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುತ್ತಾನೆ. ಇಪ್ಪತ್ತು ವರ್ಷದ ನಂತರ ಈ ಜೋಕು ಕೇಳಿದವರು ನಮ್ಮ ಬಗ್ಗೆ ಏನಂದುಕೊಳ್ಳುತ್ತಾರೋ.

ಮೀಮ್ ಅಂದರೆ ಎಂತದು?

ಕೊನೆಗೆ ಹಿರಿಯರ ಪ್ರಶ್ನೆ. ಒಂದು ಬೆಕ್ಕಿನ ಚಿತ್ರ, ಕೆಳಗೆ ಎರಡು ಶಬ್ದ. ಇದರಲ್ಲಿ ನಗಲು ಏನಿದೆ?

ಮೀಮ್ ಅನ್ನುವ ಶಬ್ದವನ್ನು 1976ರಲ್ಲಿ ಹುಟ್ಟುಹಾಕಿದವರು ರಿಚರ್ಡ್ ಡಾಕಿನ್ಸ್ ಅನ್ನುವ ಜೀವವಿಜ್ಞಾನಿ. ಆಗ ಅದಕ್ಕೂ ಬೆಕ್ಕಿಗೂ ಸಂಬಂಧ ಇರಲಿಲ್ಲ. ಒಬ್ಬರಿಂದ ಒಬ್ಬರಿಗೆ ನಕಲಾಗುತ್ತ ಹರಡುವ ರಾಗ, ಮಾತು, ರೂಢಿ, ಇಂಥವಕ್ಕೆಲ್ಲ ಅವರು ಆ ಹೆಸರಿಟ್ಟರು. ಈಗಿನ ಮೀಮ್ ಕೂಡ ನಕಲಾಗುವುದೇ. ಒಂದೇ ಚಿತ್ರಕ್ಕೆ ಸಾವಿರ ಜನ ಸಾವಿರ ಮಾತು ಬರೆಯುತ್ತಾರೆ. ಮಜಾ ಇರುವುದು ಆ ಒಂದು ಚಿತ್ರದಲ್ಲಿ ಅಲ್ಲ, ಹಿಂದಿನ ಐವತ್ತು ನೋಡಿದವನಿಗೆ ಐವತ್ತೊಂದನೆಯದು ಎಲ್ಲಿ ತಿರುಗಿತು ಅಂತ ಕಾಣುವುದರಲ್ಲಿ. ಪ್ರಸಂಗ ಬಾಯಿಪಾಠ ಇದ್ದವರಿಗೆ ಹಾಸ್ಯಗಾರನ ತಿರುಚು ಕಂಡ ಹಾಗೆ. ಹಿರಿಯರು ಐವತ್ತೊಂದನೆಯದನ್ನು ಮಾತ್ರ ನೋಡುತ್ತಾರೆ.

ಚಿಕ್ಕದು ಅನ್ನುವ ಆಕ್ಷೇಪಕ್ಕೆ ನಮ್ಮ ಜಿಲ್ಲೆಯವರು ಬೇಗ ತಲೆಯಾಡಿಸಬಾರದು. ಅಂಕೋಲೆಯ ದಿನಕರ ದೇಸಾಯಿಯವರು (1909–1982) ನಾಲ್ಕೇ ಸಾಲಿನ ಚುಟುಕಗಳಲ್ಲಿ ರಾಜಕಾರಣಿಯಿಂದ ಹಿಡಿದು ಎಲ್ಲರನ್ನೂ ಕುಟುಕಿದವರು. ಸಾವಿರಾರು ಬರೆದರು. ಜನ ಬಾಯಲ್ಲಿ ಹೊತ್ತುಕೊಂಡು ಹೋದರು. ಚುಟುಕಕ್ಕೂ ಮೀಮಿಗೂ ಇರುವ ವ್ಯತ್ಯಾಸ ಆಯುಷ್ಯದಲ್ಲಿದೆ. ಚುಟುಕ ವರ್ಷಗಟ್ಟಲೆ ಬಾಳಿತು. ಮೀಮ್ ಎಷ್ಟೋ ಸಲ ವಾರ ದಾಟುವುದಿಲ್ಲ. ಹಾಗಾಗಿ ಈಗ ಹಾಸ್ಯದ ತಲೆಮಾರು ಇಪ್ಪತ್ತೈದು ವರ್ಷದ್ದಾಗಿ ಉಳಿದಿಲ್ಲ. ಎಂಟನೇ ಕ್ಲಾಸಿನ ತಮ್ಮನ ಜೋಕು ಡಿಗ್ರಿ ಓದುವ ಅಕ್ಕನಿಗೆ ಅರ್ಥವಾಗುವುದಿಲ್ಲ.

ವೇಗಕ್ಕೆ ಇನ್ನೊಂದು ಕಾರಣವೂ ಇದೆ. ಹುಡುಗರ ಗುರುತು ಹಿರಿಯರಿಗಿಂತ ಬೇರೆ ಇರಬೇಕು. ಕಣ್ಣೀರು ಸುರಿಸುತ್ತ ನಗುವ ಹಳದಿ ಮುಖವನ್ನು 2015ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದ ಅಂತ ಆರಿಸಿದ್ದರು. ಅಷ್ಟು ಜನಪ್ರಿಯ. ಆಮೇಲೆ ಅದು ಚಿಕ್ಕಪ್ಪಂದಿರ, ದೊಡ್ಡಾಯಿಯರ ಕೈಗೆ ಬಂತು. ಶುಭೋದಯದ ಹೂವಿನ ಪಕ್ಕ ಅದೇ ಮುಖ ಕಾಣತೊಡಗಿತು. ಹುಡುಗರು ಮೆಲ್ಲಗೆ ಅದನ್ನು ಬಿಟ್ಟು ತಲೆಬುರುಡೆಗೆ ಹೋದರು.

ಅಲ್ಲಿಗೆ ನಮ್ಮ ಮನೆಯ ಕತೆ ಮುಗಿಯಲಿಲ್ಲ. ಹೋದ ತಿಂಗಳು ಅಜ್ಜ ಕನ್ನಡಕ ಹಣೆಯ ಮೇಲೆ ಏರಿಸಿಕೊಂಡು ಮನೆಯೆಲ್ಲ ಕನ್ನಡಕ ಹುಡುಕುತ್ತಿದ್ದರು. ಯಾರೋ ಆ ಫೋಟೋವನ್ನು ಗುಂಪಿಗೆ ಹಾಕಿದರು. ಮೊದಲ ಉತ್ತರ ದೊಡ್ಡಾಯಿಯದ್ದು. ಸಾಲಾಗಿ ಮೂರು ತಲೆಬುರುಡೆ. ನಾನು ಬೆಂಗಳೂರಿಗೆ ಫೋನ್ ಮಾಡಿ, "ನೋಡಿದ್ಯಾ, ದೊಡ್ಡಾಯಿ ಕಲಿತುಬಿಟ್ಟರು" ಅಂದೆ.

"ಅಯ್ಯೋ ಮಾವಾ," ಅಂದಳು ಹುಡುಗಿ, "ಅದನ್ನ ಈಗ ಯಾರೂ ಹಾಕೋದಿಲ್ಲ."